‘ಡಾಕ್ಟರ್ ಗಾಡಿ’ ಎಂದು ಮಾರಿದ ಗಣಿ ರಸ್ತೆಯ ಕಾರು

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಸುತ್ತಮುತ್ತ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟವರು, ಅದರಲ್ಲೂ ಐದು ಲಕ್ಷದೊಳಗೆ ಓಡಿಸಲು ಖುಷಿ ಕೊಡುವಂಥ ಚಿಕ್ಕ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಚಕ್ರ) ಪೆಟ್ರೋಲ್ ಗಾಡಿಯನ್ನು ಹುಡುಕುತ್ತಿರುವವರು, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನಗರದ ಒಬ್ಬ ಹಳೆ ಕಾರು ವ್ಯಾಪಾರಿಯಿಂದ ನಾನು 4,60,000 ರೂಪಾಯಿಗೆ ಕೊಂಡ 2017ರ ಮಾದರಿಯ ಹ್ಯಾಚ್‌ಬ್ಯಾಕ್ ಕಾರಿನ ಮೀಟರನ್ನು ಹಿಂದಕ್ಕೆ ತಿರುಗಿಸಲಾಗಿತ್ತು, ಎಂಜಿನ್ನಿನೊಳಗೆ ಅದಿರಿನ ಧೂಳು ಹೊಕ್ಕಿತ್ತು, ಅದರ ಮೇಲಿನ ಸಾಲವೂ ತೀರಿರಲಿಲ್ಲ. ವ್ಯಾಪಾರಿಯ ಮೇಲಿನ ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಹೆಸರು ಹೇಳುವುದಿಲ್ಲ. ಹೆಸರಿಗಿಂತ ಅಲ್ಲಿ ನಡೆಯುವ ಕ್ರಮ ತಿಳಿಯುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಈ ಕ್ರಮ ಒಬ್ಬರದೇ ಅಲ್ಲ.

ನನ್ನ ಅಗತ್ಯ ಸರಳವಾಗಿತ್ತು. ಕೆಲಸಕ್ಕೆ ದಿನವೂ ಬಳ್ಳಾರಿಯಿಂದ ಕುರುಗೋಡಿಗೆ ಹೋಗಿಬರಬೇಕು, ರಜೆಯಲ್ಲಿ ಸಂಡೂರಿನ ತಿರುವುಗಳಲ್ಲಿ ಓಡಿಸಿದರೆ ಮನಸ್ಸಿಗೆ ಹಿತವಾಗಬೇಕು. ಚುರುಕಾದ ಸ್ಟಿಯರಿಂಗ್, ಹಗುರವಾದ ಬಾಡಿ, ಓವರ್‌ಟೇಕ್ ಮಾಡುವಾಗ ಕೈಕೊಡದ ಪಿಕಪ್ ಈ ಮೂರೂ ಇರುವ ಗಾಡಿಗಳು ನಮ್ಮ ಮಾರುಕಟ್ಟೆಯಲ್ಲಿ ಕಡಿಮೆಯೇನಿಲ್ಲ. 2018ರಲ್ಲಿ ಬಂದ ಸ್ವಿಫ್ಟ್ ಪೆಟ್ರೋಲ್ ತೂಕ 900 ಕಿಲೋಗೂ ಕಡಿಮೆ. ಪೋಲೊ ಜಿಟಿಯ 1.2 ಲೀಟರ್ ಟರ್ಬೊ ಎಂಜಿನ್ 105 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ ಕೊಡುತ್ತಿತ್ತು; ಬಲೆನೊ ಆರ್‌ಎಸ್, ಫೋರ್ಡ್ ಫಿಗೊದ 1.5 ಡೀಸೆಲ್ ಇವುಗಳಿಗೂ ಓಡಿಸಲು ಆಸಕ್ತಿಯಿರುವವರಲ್ಲಿ ಒಳ್ಳೆಯ ಹೆಸರಿದೆ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ್ದು, ಪೋಲೊ 2022ರಲ್ಲಿ ನಿಂತದ್ದು ಇಂಥ ಗಾಡಿಗಳ ಹಳೆ ಮಾರುಕಟ್ಟೆಗೆ ಹೊಸ ಗಿರಾಕಿಗಳನ್ನು ತಂದಿವೆ. ಹೊಸದಾಗಿ ಸಿಗದ್ದನ್ನು ಹಳೆಯದರಲ್ಲಾದರೂ ಹಿಡಿಯೋಣ ಎಂಬ ಆತುರ ಕೊಳ್ಳುವವರಲ್ಲಿರುತ್ತದೆ, ಮಾರುವವರಿಗೆ ಅದು ಚೆನ್ನಾಗಿ ಗೊತ್ತು.

ನನಗೆ ತೋರಿಸಿದ ಕಾರಿನ ಮೀಟರ್ 41,000 ಕಿಲೋಮೀಟರ್ ಹೇಳುತ್ತಿತ್ತು. ನೋಂದಣಿ ಕೆಎ 34, ಅಂದರೆ ನಮ್ಮದೇ ಬಳ್ಳಾರಿಯದು, ಒಬ್ಬರೇ ಮಾಲೀಕರು. “ಸಾರ್, ಇದು ಡಾಕ್ಟ್ರ ಗಾಡಿ. ಮನಿಯಿಂದ ಆಸ್ಪತ್ರಿಗೆ, ಆಸ್ಪತ್ರಿಯಿಂದ ಮನಿಗೆ, ಅಷ್ಟೇ ಓಡೈತಿ” ಎಂದು ವ್ಯಾಪಾರಿ ಹೇಳಿದರು. ಸರ್ವಿಸ್ ಪುಸ್ತಕ ಕೇಳಿದರೆ ಡಾಕ್ಟರು ಮನೆ ಬದಲಿಸುವಾಗ ಕಳೆದುಹೋಯಿತು ಎಂಬ ಉತ್ತರ ಬಂತು. ಡಾಕ್ಟರರ ನಂಬರ್ ಕೇಳಿದರೆ ಅವರು ಬಿಡುವಿಲ್ಲದವರು, ಕಾಗದಪತ್ರವನ್ನೆಲ್ಲ ನಮಗೇ ವಹಿಸಿದ್ದಾರೆ ಎಂದರು. ಟೆಸ್ಟ್ ಡ್ರೈವ್‌ಗೆ ಹೋಗುವ ಹೊತ್ತಿಗೆ ಎಂಜಿನ್ ಆಗಲೇ ಬೆಚ್ಚಗಿತ್ತು. ಬೈಪಾಸಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಬೆನ್ನು ಸೀಟಿಗೆ ಅಂಟಿಕೊಂಡಿತು.

ಆ ಒತ್ತಡವೇ ಟರ್ಬೊ ಗಾಡಿಯ ದೊಡ್ಡ ಆಕರ್ಷಣೆ, ದೊಡ್ಡ ಪರದೆಯೂ ಅದೇ. ಸವೆದ ಎಂಜಿನ್ ಕೂಡ ಟರ್ಬೊದ ಬಲದಿಂದ ಹತ್ತು ನಿಮಿಷ ಚೆನ್ನಾಗಿಯೇ ಎಳೆಯುತ್ತದೆ. ಬೆಚ್ಚಗಾದ ಎಂಜಿನ್ನಿನಲ್ಲಿ ಕೋಲ್ಡ್ ಸ್ಟಾರ್ಟಿನ (ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದಾಗಿನ) ಹೊಗೆಯೂ ಶಬ್ದವೂ ಕಾಣಿಸುವುದಿಲ್ಲ. ಮಾರುವ ಮೊದಲು ದಪ್ಪನೆಯ ಆಯಿಲ್ ತುಂಬಿಸಿದರೆ ಉಳಿದ ಸದ್ದೂ ಕೆಲವು ದಿನ ಅಡಗುತ್ತದೆ. ಆದ್ದರಿಂದ ಗಾಡಿ ನೋಡಲು ಹೇಳದೆ ಕೇಳದೆ ಬೆಳಿಗ್ಗೆ ಹೋಗಬೇಕು, ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ತಣ್ಣಗಿದೆಯೇ ನೋಡಬೇಕು, ಸ್ಟಾರ್ಟ್ ಮಾಡುವಾಗ ಇನ್ನೊಬ್ಬರನ್ನು ಸೈಲೆನ್ಸರ್ ಬಳಿ ನಿಲ್ಲಿಸಬೇಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ.

ಕೊಂಡ ಕೆಲವೇ ವಾರಗಳಲ್ಲಿ ಆಯಿಲ್ ಮಟ್ಟ ಇಳಿಯತೊಡಗಿತು. ಇಷ್ಟು ಕಡಿಮೆ ಓಡಿದ ಗಾಡಿಯಲ್ಲಿ ಹೀಗಾಗಬಾರದೆಂದು ನಮ್ಮ ಓಣಿಯ ಹತ್ತಿರದ ಮೆಕ್ಯಾನಿಕ್ ಬಳಿ ತೋರಿಸಿದೆ. ಅವರು ಏರ್ ಫಿಲ್ಟರ್ ಡಬ್ಬಿ ತೆಗೆದರು. ಫಿಲ್ಟರ್ ಹೊಚ್ಚ ಹೊಸದು. ಆದರೆ ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ ಒಳಗೆ ಬೆರಳಾಡಿಸಿದಾಗ ಎಣ್ಣೆಯಲ್ಲಿ ಕುಂಕುಮ ಕಲಸಿದಂಥ ಕೆಂಪು ಪದಾರ್ಥ ಬೆರಳಿಗೆ ಅಂಟಿಕೊಂಡಿತು. ಆಮೇಲೆ ಅವರು ಡ್ರೈವರ್ ಸೀಟಿನ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದರು. ಹೊರಗೆ ಕಾಣುವ ಭಾಗ ತೊಳೆದು ಸ್ವಚ್ಛವಾಗಿತ್ತು, ಸುರುಳಿಯೊಳಗೆ ಅಡಗಿದ್ದ ಕೊನೆಯ ಒಂದು ಗೇಣು ಮಾತ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. “ಇದು ಊರಾಗ ಓಡಿದ ಗಾಡಿ ಅಲ್ಲ ಸಾರ್, ಸಂಡೂರು ಕಡಿ ಮಣ್ಣು ಇದು” ಎಂದರು.

ಈ ಮಣ್ಣಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬೆಂಗಳೂರಿನವರು ಬರೆಯುವ ಹಳೆ ಕಾರಿನ ಸಲಹೆಗಳಲ್ಲಿ ಇದು ಇರುವುದಿಲ್ಲ. ಸಂಡೂರು, ತೋರಣಗಲ್ಲು, ಹೊಸಪೇಟೆಯ ಕಡೆ ಅದಿರು ಲಾರಿಗಳ ಹಿಂದೆ ದಿನವೂ ಓಡುವ ಗಾಡಿ ನುಣ್ಣನೆಯ ಕಬ್ಬಿಣದ ಅದಿರಿನ ಪುಡಿಯನ್ನು ಸೇವಿಸುತ್ತಿರುತ್ತದೆ. ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದಿದ್ದರೆ, ಅಥವಾ ಬದಲಿಸಿದವರು ಡಬ್ಬಿಯ ಕ್ಲಿಪ್ಪನ್ನು ಸರಿಯಾಗಿ ಕೂರಿಸದಿದ್ದರೆ, ಆ ಪುಡಿ ಪಕ್ಕದಿಂದ ನುಸುಳಿ ಟರ್ಬೊದ ರೆಕ್ಕೆಗಳನ್ನೂ ಸಿಲಿಂಡರಿನ ಗೋಡೆಗಳನ್ನೂ ತೇಯುತ್ತದೆ. ಚಿಕ್ಕ ಟರ್ಬೊಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಅವನ್ನು ಹಿಡಿದಿರುವುದು ಆಯಿಲಿನ ಒಂದು ತೆಳುವಾದ ಪದರ ಮಾತ್ರ. ಆಯಿಲ್ ಬದಲಿಸುವುದನ್ನು ಮುಂದೂಡಿದ, ಧೂಳು ಕುಡಿದ, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ದೂರ ಓಡಿ ನಿಂತೊಡನೆ ಎಂಜಿನ್ ಆಫ್ ಮಾಡಿಸಿಕೊಂಡ ಟರ್ಬೊ ಬಹಳ ಕಾಲ ಬಾಳುವುದಿಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೂ ಧೂಳು ಹಾನಿ ಮಾಡುತ್ತದೆ, ಆದರೆ ಅಲ್ಲಿ ಕೆಡಬಹುದಾದ ದುಬಾರಿ ಭಾಗ ಒಂದು ಕಡಿಮೆ. ಚರಿತ್ರೆ ಗೊತ್ತಿಲ್ಲದ ಟರ್ಬೊ ಗಾಡಿಯನ್ನು ನಮ್ಮ ಮೂರು ಜಿಲ್ಲೆಗಳಲ್ಲಿ ಯಾವ ಬೆಲೆಗೂ ಕೊಳ್ಳಬಾರದು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ.

ಮೀಟರಿನ ಕಥೆ ಹೊರಬಿದ್ದದ್ದು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ. ಆರ್‌ಸಿಯ ಪ್ರತಿ ಮತ್ತು ಖರೀದಿ ಪತ್ರ ತೋರಿಸಿದ ಮೇಲೆ ಅಲ್ಲಿನ ಸಲಹೆಗಾರರು ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ತೆಗೆದರು. ನಾನು ಕೊಳ್ಳುವುದಕ್ಕೆ ಸುಮಾರು ಎರಡು ವರ್ಷ ಮೊದಲೇ ಗಾಡಿ 96,000 ದಾಟಿತ್ತು. ಈಗಿನ ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸಲು ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕೆಂದಿಲ್ಲ, ಅನೇಕ ಗಾಡಿಗಳಲ್ಲಿ ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಒಂದು ಸಣ್ಣ ಉಪಕರಣ ಸಿಕ್ಕಿಸಿದರೆ ಸಾಕು. ಆದರೆ ತಿರುಗಿಸಿದವರು ಗಾಡಿಯ ಉಳಿದೆಲ್ಲ ಗುರುತುಗಳನ್ನು ಅಳಿಸಲಾರರು. ನನ್ನ ಕಾರಿನಲ್ಲಿ ಬ್ರೇಕ್ ಮತ್ತು ಕ್ಲಚ್ ಪೆಡಲಿನ ರಬ್ಬರ್ ಹೊಸದಾಗಿತ್ತು, ಸ್ಟಿಯರಿಂಗಿಗೆ ಹೊಸ ಕವರ್ ಹೊಲಿಸಲಾಗಿತ್ತು, ಹೊಸ ಸೀಟ್ ಕವರಿನ ಕೆಳಗೆ ಡ್ರೈವರ್ ಸೀಟಿನ ಬಲ ಅಂಚು ಕುಸಿದಿತ್ತು. 41,000 ಓಡಿದ ಗಾಡಿಗೆ ಇಷ್ಟೊಂದು ಹೊಸ ವಸ್ತು ಬೇಕಾಗುವುದಿಲ್ಲ. ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಿಟಕಿ ಗಾಜುಗಳಲ್ಲೂ ತಯಾರಾದ ವರ್ಷದ ಗುರುತು ಇರುತ್ತದೆ. ಒಂದು ಗಾಜು ಮಾತ್ರ ಬೇರೆ ವರ್ಷದ್ದಾದರೆ ಅದು ಏಕೆ ಒಡೆಯಿತು ಎಂದು ಕೇಳುವ ಹಕ್ಕು ನಿಮಗಿದೆ.

ಇನ್ಶೂರೆನ್ಸಿನ ಹಳೆಯ ಪಾಲಿಸಿಯನ್ನು ಕೇಳುವುದನ್ನಂತೂ ಯಾರೂ ಬಿಡಬಾರದು. ಕ್ಲೇಮ್ ಮಾಡದ ಮಾಲೀಕರಿಗೆ ನೋ ಕ್ಲೇಮ್ ಬೋನಸ್ (ಪ್ರೀಮಿಯಂನಲ್ಲಿ ರಿಯಾಯಿತಿ) ವರ್ಷದಿಂದ ವರ್ಷಕ್ಕೆ 20, 25, 35, 45, 50 ಪ್ರತಿಶತ ಎಂದು ಏರುತ್ತದೆ. ಒಬ್ಬರೇ ಮಾಲೀಕರು ಐದಾರು ವರ್ಷ ಇಟ್ಟುಕೊಂಡ ಗಾಡಿಯ ಕಳೆದ ವರ್ಷದ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದಿದ್ದರೆ, ಅದರ ಹಿಂದಿನ ವರ್ಷ ಕ್ಲೇಮ್ ಆಗಿದೆ, ಇಲ್ಲವೇ ಪಾಲಿಸಿ ತಪ್ಪಿದೆ. ಎರಡಕ್ಕೂ ವಿವರಣೆ ಬೇಕು. ವ್ಯಾಪಾರಿ ಹೊಸ ಪಾಲಿಸಿ ಮಾಡಿಸಿ ಅದನ್ನಷ್ಟೇ ಕೈಗಿತ್ತರೆ ಈ ಸುಳಿವು ಮಾಯವಾಗುತ್ತದೆ. ಇನ್ನೊಂದು ಮಾತು: ಗಾಡಿ ಕೊಂಡ 14 ದಿನಗಳೊಳಗೆ ಪಾಲಿಸಿಯನ್ನು ನಿಮ್ಮ ಹೆಸರಿಗೆ ಬದಲಿಸಲು ಕಂಪನಿಗೆ ಅರ್ಜಿ ಕೊಡಬೇಕು, ಇಲ್ಲದಿದ್ದರೆ ನಿಮ್ಮ ಸ್ವಂತ ಗಾಡಿಯ ಹಾನಿಗೆ ಪರಿಹಾರ ಕೇಳಿದಾಗ ಅವರು ಕೈಚೆಲ್ಲಬಹುದು.

ಸಾಲದ ಸಂಗತಿ ಎಲ್ಲಕ್ಕಿಂತ ಕೆಟ್ಟದ್ದು. ಸರ್ಕಾರದ ವಾಹನ ಮಾಹಿತಿಯ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ಮೇಲೆ ಫೈನಾನ್ಸ್ ಇದೆ ಎಂದು ಕಾಣುತ್ತಿತ್ತು. ಕೇಳಿದ್ದಕ್ಕೆ, ಸಾಲ ತೀರಿದೆ, ಎಚ್‌ಪಿ (ಆರ್‌ಸಿಯಲ್ಲಿರುವ ಸಾಲದ ನಮೂದು) ಕ್ಯಾನ್ಸಲ್ ಆಗುವುದಷ್ಟೇ ಬಾಕಿ, ಅದಕ್ಕೆ ಬೇಕಾದ ಫಾರಂ 35 ವಾರದಲ್ಲಿ ಬರುತ್ತದೆ ಎಂದು ವ್ಯಾಪಾರಿ ವಾಟ್ಸಾಪಿನಲ್ಲಿಯೇ ಬರೆದು ಕಳಿಸಿದ್ದರು. ಆ ವಾರ ಬರಲೇ ಇಲ್ಲ. ಫೋನ್ ಎತ್ತುವುದು ನಿಂತಾಗ ಆರ್‌ಸಿಯಲ್ಲಿದ್ದ ವಿಳಾಸ ಹಿಡಿದು ಹಳೆಯ ಮಾಲೀಕರ ಮನೆಗೇ ಹೋದೆ. ಅವರು ಡಾಕ್ಟರೇ ಅಲ್ಲ, ಸಣ್ಣ ಗುತ್ತಿಗೆದಾರರು. ವೈಟ್ ಬೋರ್ಡ್ (ಖಾಸಗಿ ನೋಂದಣಿಯ) ಗಾಡಿಯನ್ನೇ ಗಣಿ ಸೈಟುಗಳಿಗೆ ಸಿಬ್ಬಂದಿಯನ್ನು ಕರೆದೊಯ್ಯಲು ಬಾಡಿಗೆಗೆ ಬಿಟ್ಟಿದ್ದರು, ಪರ್ಮಿಟ್ ಇಲ್ಲದೆ ಹಾಗೆ ಓಡಿಸುವುದು ಕಾನೂನಿಗೆ ವಿರುದ್ಧವಾದರೂ ಇಲ್ಲಿ ಅಪರೂಪವೇನಲ್ಲ. “ನಾ ಕೊಡೋವಾಗ ಒಂದು ಲಕ್ಷದ ಮ್ಯಾಲ ಆಗಿತ್ತು ರೀ” ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಉಳಿದ ಕಂತುಗಳನ್ನು ತಾನೇ ಕಟ್ಟುತ್ತೇನೆಂದು ಮಾತು ಕೊಟ್ಟು ವ್ಯಾಪಾರಿ ಅವರಿಂದ ಗಾಡಿ ತೆಗೆದುಕೊಂಡಿದ್ದರು, ಒಂದು ಕಂತನ್ನೂ ಕಟ್ಟಿರಲಿಲ್ಲ. ಫೈನಾನ್ಸಿನವರು ಅವರ ಮನೆಗೆ ಬರುತ್ತಿದ್ದರು, ಅವರು ಹುಡುಕುತ್ತಿದ್ದ ಗಾಡಿ ನನ್ನ ಮನೆಯ ಮುಂದೆ ನಿಂತಿತ್ತು.

ಆದ್ದರಿಂದ ‘ಫಾರಂ 35 ಬರುತ್ತದೆ’ ಎಂಬ ಮಾತಿನ ಮೇಲೆ ಹಣ ಕೊಡಬೇಡಿ. ಸಾಲ ಕೊಟ್ಟ ಶಾಖೆಗೆ ಮಾಲೀಕರ ಜೊತೆ ನೀವೇ ಹೋಗಿ ಬಾಕಿ ಎಷ್ಟೆಂದು ಕೇಳಿ. ಬಾಕಿ ಇದ್ದರೆ ಅಷ್ಟು ಹಣವನ್ನು ನೇರವಾಗಿ ಆ ಸಾಲದ ಖಾತೆಗೇ ಕಟ್ಟಿ, ಮುಕ್ತಾಯದ ಪತ್ರ ಕೈಗೆ ಬಂದ ಮೇಲೆ ಉಳಿದದ್ದನ್ನು ಕೊಡಿ. ಹೆಸರು ಬದಲಾವಣೆಗೆ ಬೇಕಾದ ಫಾರಂ 29 ಮತ್ತು 30ಕ್ಕೆ ಮಾಲೀಕರು ನಿಮ್ಮೆದುರಿಗೇ ಸಹಿ ಮಾಡಲಿ. ಖಾಲಿ ಫಾರಂಗಳ ಮೇಲೆ ಮೊದಲೇ ಹಾಕಿಸಿಟ್ಟ ಸಹಿಗಳನ್ನು ವ್ಯಾಪಾರಿ ಕಪಾಟಿನಿಂದ ತೆಗೆದರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು. ಗುಂತಕಲ್ಲು, ಆದೋನಿ, ಹೈದರಾಬಾದ್ ಕಡೆಯಿಂದ ಬಂದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮತ್ತೆ ಕರ್ನಾಟಕದ ಲೈಫ್ ಟ್ಯಾಕ್ಸ್ ಲೆಕ್ಕವೂ ಸೇರುತ್ತದೆ. ಅಗ್ಗವಾಗಿ ಕಂಡದ್ದು ಟ್ಯಾಕ್ಸ್ ಕಟ್ಟಿದ ಮೇಲೆ ಹಾಗೆ ಉಳಿಯುವುದಿಲ್ಲ. ದೆಹಲಿಯಿಂದ ಬರುವ ಗಾಡಿಗಳಿಗೂ ಇದೇ ಮಾತು.

ಹೆಚ್ಚಿನವರಿಗೆ ತಿಳಿಯದ ನಿಯಮವೊಂದಿದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಳೆ ವಾಹನಗಳ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರಬೇಕು, ಗಾಡಿ ತನ್ನ ವಶಕ್ಕೆ ಬಂದದ್ದನ್ನು ಪ್ರಾಧಿಕಾರಕ್ಕೆ ತಿಳಿಸಬೇಕು, ಟೆಸ್ಟ್ ಡ್ರೈವ್ ಸೇರಿದಂತೆ ಗಾಡಿ ಹೊರಗೆ ಹೋದ ಪ್ರತಿ ಸಲವೂ ಕಿಲೋಮೀಟರ್ ಸಮೇತ ರಿಜಿಸ್ಟರಿನಲ್ಲಿ ಬರೆದಿಡಬೇಕು. ನನಗೆ ಮಾರಿದವರ ಬಳಿ ಇದ್ಯಾವುದೂ ಇರಲಿಲ್ಲ. ಅಂಗಡಿಗೆ ಹೋದೊಡನೆ ಆ ಅಧಿಕಾರ ಪತ್ರವನ್ನು ಕೇಳಿ. ಕೇಳಿದಾಗ ಅವರ ಮುಖಚಹರೆ ಹೇಗಾಗುತ್ತದೆ ಎಂಬುದೂ ಒಂದು ಮಾಹಿತಿಯೇ.

ವಕೀಲರ ನೋಟಿಸ್ ಹೋದ ಮೇಲೆ ವ್ಯಾಪಾರಿ ಸಾಲದ ಬಾಕಿ ಕಟ್ಟಿದರು, ಫಾರಂ 35 ಬಂತು, ಆರ್‌ಸಿ ನನ್ನ ಹೆಸರಿಗಾಯಿತು. ಟರ್ಬೊ ಮತ್ತು ಎಂಜಿನ್ ಕೆಲಸಕ್ಕೆ ಸರ್ವಿಸ್ ಸೆಂಟರ್ ಕೊಟ್ಟ ಅಂದಾಜು ಒಂದು ಲಕ್ಷ ಮೀರಿದೆ. ಅದನ್ನು ಕೊಡಲು ವ್ಯಾಪಾರಿ ಒಪ್ಪಿಲ್ಲ. ‘ಹಳೆ ಗಾಡಿ, ಇದ್ದ ಸ್ಥಿತಿಯಲ್ಲೇ ಮಾರಿದ್ದು’ ಎಂಬುದು ಅವರ ವಾದ. ಆ ಸ್ಥಿತಿಯ ಬಗ್ಗೆಯೇ ಸುಳ್ಳು ಹೇಳಿದ್ದರು ಎಂಬುದು ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ನನ್ನ ವಾದ. ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿ ಇದೆ. ನನ್ನ ದೂರಿಗೆ ಬಲ ಕೊಟ್ಟಿರುವುದು ಮೂರು ಕಾಗದಗಳು: ‘41,000 ಕಿ.ಮೀ., ಡಾಕ್ಟರ್ ಗಾಡಿ’ ಎಂದಿದ್ದ ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಸಂದೇಶಗಳು, ಸರ್ವಿಸ್ ಸೆಂಟರಿನ ದಾಖಲೆಯ ಪ್ರತಿ. ಖರೀದಿ ಪತ್ರದಲ್ಲಿ ಮೀಟರಿನ ಅಂಕಿಯನ್ನು ಬರೆಸಿ, ‘ಈ ಅಂಕಿ ನಿಜವೆಂದು ಮಾರುವವರು ಖಾತ್ರಿ ಕೊಡುತ್ತಾರೆ’ ಎಂಬ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಳ್ಳಿ. ಆ ಸಾಲಿಗೆ ಸಹಿ ಹಾಕಲು ಹಿಂಜರಿಯುವವರ ಅಂಗಡಿಯಲ್ಲಿ ಟೆಸ್ಟ್ ಡ್ರೈವ್ ಕೂಡ ಬೇಡ.