ನಾಲೆ ನೀರಿನ ಗದ್ದೆಯೋ, ಬೋರ್‌ವೆಲ್ ಹೊಲವೋ?

ಮಂಡ್ಯ ಕಡೆ ಎರಡೆಕರೆ ಕೊಳ್ಳುವವರು ಮೊದಲು ರೇಟ್ ಕೇಳುತ್ತಾರೆ. ನಾನಾದರೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳುತ್ತೇನೆ.

ನಾಲೆ ನೀರಿಗೆ ಕರೆಂಟ್ ಬೇಡ, ಮೋಟಾರ್ ಬೇಡ. ತೂಬು ತೆಗೆದರೆ ಗದ್ದೆಗೆ ತಾನೇ ಹರಿಯುತ್ತದೆ. ಕನ್ನಂಬಾಡಿ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ, ಕೆಲಸ ಶುರುವಾದದ್ದು 1911ರಲ್ಲಿ. ಅಲ್ಲಿಂದ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆಯೇ ರಾಗಿ, ಹುರುಳಿ ನೆಚ್ಚಿಕೊಂಡಿದ್ದ ಹಳ್ಳಿಗಳು ಭತ್ತ, ಕಬ್ಬಿಗೆ ತಿರುಗಿದವು. 1933ರಲ್ಲಿ ಸಕ್ಕರೆ ಕಂಪನಿಯೂ ಬಂತು. ಊರಿನ ಮದುವೆ, ಸಾಲ, ಜಗಳ ಎಲ್ಲವೂ ನಾಲೆಯ ಲೆಕ್ಕದಲ್ಲೇ ನಡೆಯತೊಡಗಿತು.

ಆದರೆ ಕೀಲಿಕೈ ನಿಮ್ಮ ಕೈಯಲ್ಲಿಲ್ಲ. ಕಟ್ಟೆ ಪೂರ್ತಿ, ಅಂದರೆ 124.80 ಅಡಿ, ತುಂಬಿದರೆ ಹಬ್ಬ. ಮಳೆ ಕೈಕೊಟ್ಟರೆ ಕಟ್ಟು ನೀರು: ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಕೊನೆ ಭಾಗದ ಗದ್ದೆಯಾದರೆ ಇನ್ನೂ ಕಷ್ಟ. ರಾತ್ರಿಯೆಲ್ಲ ಟಾರ್ಚ್ ಹಿಡಿದು ಬದುವಿನ ಮೇಲೆ ಕೂತಿದ್ದೇನೆ. ಬೆಳಗಿನ ಜಾವ ಬಂದದ್ದು ಪಾದ ನೆನೆಯುವಷ್ಟು ನೀರು.

ಬೋರ್‌ವೆಲ್‌ನಲ್ಲಿ ಸ್ವಿಚ್ ನಿಮ್ಮದೇ, ಕರೆಂಟ್ ಇದ್ದರೆ. ಹನಿ ನೀರಾವರಿ ಹಾಕಿದರೆ ತರಕಾರಿ, ಬಾಳೆ, ಹಿಪ್ಪುನೇರಳೆಗೆ ಸಾಕು. ಭತ್ತದ ಆಸೆ ಬಿಡಿ. ಬೋರ್ ಬತ್ತಿದರೆ ದುಡ್ಡು ಮಣ್ಣುಪಾಲು, ಅಷ್ಟೇ.

ನಾಲೆಯ ಮೇಲ್ಭಾಗದಲ್ಲಿ ಗದ್ದೆ ಸಿಕ್ಕರೆ ಸುಮ್ನೆ ಯೋಚಿಸಬೇಡಿ, ತಗೊಳ್ಳಿ. ಕೊನೆ ಭಾಗವಾದರೆ ನನ್ನ ಮತ ಬೋರ್‌ಗೆ. ಏಪ್ರಿಲ್‌ನಲ್ಲಿ ಒಮ್ಮೆ ಹೋಗಿ, ಬೋರ್ ಎಷ್ಟು ಹೊತ್ತು ನೀರು ಎತ್ತುತ್ತದೆ ಎಂದು ಗಡಿಯಾರ ಹಿಡಿದು ನೋಡಿ.