‘ಆಂಟಿಕ್’ ದೀಪಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಹಳೇ ಕಾಲದ ಗಾಜಿನ ದೀಪ ಹುಡುಕುತ್ತಿದ್ದೀರಾ? ಹಾಗಿದ್ದರೆ ದಯವಿಟ್ಟು ಇದನ್ನೊಮ್ಮೆ ಪೂರ್ತಿ ಓದಿ. ನನಗಾದ ಮೋಸ ಇನ್ನೊಬ್ಬರಿಗೆ ಆಗುವುದು ಬೇಡ.

ಆನ್‌ಲೈನ್‌ನಲ್ಲಿ ಒಬ್ಬ ವ್ಯಾಪಾರಿಯಿಂದ ಮೇಜಿನ ಮೇಲಿಡುವ ಸೀಮೆಎಣ್ಣೆ ದೀಪ ತರಿಸಿದೆ. ಹಿತ್ತಾಳೆ ಕಾಲು, ಎಣ್ಣೆ ತುಂಬುವ ಗಾಜಿನ ಬುರುಡೆ, ಮೇಲೆ ಬಣ್ಣದ ಶೇಡ್. ವಿವರಣೆಯಲ್ಲಿ ‘ಆಂಟಿಕ್ ದೀಪ, ಟಿಫಾನಿ ಸ್ಟೈಲ್ ಶೇಡ್, ಕರೆಂಟಿಗೆ ಹೊಂದಿಸಲಾಗಿದೆ’ ಎಂದಿತ್ತು. ಫೋಟೊದಲ್ಲಿ ಬುರುಡೆ ತಿಳಿನೀರಿನ ಹಾಗೆ ಹೊಳೆಯುತ್ತಿತ್ತು. ಕೈಗೆ ಬಂದಾಗಲೂ ಹಾಗೇ ಇತ್ತು.

ಒರೆಸಿದ ಮೇಲೆ ನಿಜ ಗೊತ್ತಾಯಿತು. ಬಟ್ಟೆಗೆ ಜಿಡ್ಡು ಹತ್ತಿತು. ಸೋಪು ನೀರಲ್ಲಿ ತೊಳೆದು ಒಣಗಲು ಬಿಟ್ಟರೆ ಬುರುಡೆಯ ಒಳಗೆಲ್ಲ ಬೆಳ್ಳಗೆ ಮಂಕು. ಒದ್ದೆ ಮಾಡಿದರೆ ಮಾಯ, ಒಣಗಿದರೆ ಮತ್ತೆ ಬರುತ್ತದೆ. ಹಳೇ ಗಾಜಿನ ವ್ಯಾಪಾರದಲ್ಲಿ ಇದಕ್ಕೆ ‘ಸಿಕ್ ಗ್ಲಾಸ್’ ಅನ್ನುತ್ತಾರೆ. ಬಹಳ ಕಾಲ ತೇವ ನಿಂತು, ಗಾಜಿನಲ್ಲಿರುವ ಕ್ಷಾರ ಕರಗಿ ಹೊರಬಂದು, ಗಾಜಿನ ಮೈಯೇ ಕೆಟ್ಟಿರುತ್ತದೆ. ಗಡಸು ನೀರಿನ ಕಲೆಯಾದರೆ ವಿನೆಗರ್ ಹಾಕಿದರೆ ಬಿಡುತ್ತದೆ. ಇದು ಬಿಡುವುದಿಲ್ಲ. ಎಣ್ಣೆ ಸವರಿದರೆ ಮಾತ್ರ ಸ್ವಲ್ಪ ಕಾಲ ಕಾಣಿಸುವುದಿಲ್ಲ. ನನಗೆ ಕಳಿಸಿದ್ದು ಹಾಗೆ ಎಣ್ಣೆ ಸವರಿದ ಬುರುಡೆಯನ್ನೇ. ಗೊತ್ತಿದ್ದೇ ಮಾಡಿದ ಕೆಲಸ ಅಲ್ವಾ?

ಆಮೇಲೆ ಒಂದೊಂದೇ ಭಾಗ ನೋಡುತ್ತಾ ಹೋದೆ. ಕಾಲಿನ ಬಾಯಿಗೆ ಬುರುಡೆ ಸರಿಯಾಗಿ ಕೂರದೆ, ಸಂದಿಯಲ್ಲಿ ಹೊಸ ಎಪಾಕ್ಸಿ ಅಂಟು ತುಂಬಿದ್ದರು. ಅಂದರೆ ಎರಡೂ ಬೇರೆ ಬೇರೆ ದೀಪದವು. ಹೀಗೆ ಜೋಡಿಸಿದ್ದಕ್ಕೆ ‘ಮ್ಯಾರೀಡ್ ಪೀಸ್’ ಎನ್ನುವ ಹೆಸರೇ ಇದೆ. ಅದನ್ನು ಹೇಳಿ ಮಾರಿದರೆ ತಪ್ಪಿಲ್ಲ, ಮುಚ್ಚಿಟ್ಟು ಮಾರುವುದು ಮೋಸ. ಕಾಲಿಗೆ ಅಯಸ್ಕಾಂತ ಹಿಡಿದರೆ ಗಪ್ಪನೆ ಅಂಟಿತು. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಇದು ಕಬ್ಬಿಣದ ಮೇಲೆ ಹಿತ್ತಾಳೆ ಲೇಪ. (ಕೆಲವು ದೀಪಗಳ ಬುಡದಲ್ಲಿ ತೂಕಕ್ಕೆ ಕಬ್ಬಿಣ ಇಟ್ಟಿರುತ್ತಾರೆ. ಹಾಗಾಗಿ ನೀವು ಮೇಲಿನ ಸಣ್ಣ ಭಾಗಕ್ಕೆ ಹಿಡಿದು ನೋಡಿ.)

ಇನ್ನು ಶೇಡ್. ಟಿಫಾನಿ ಅನ್ನುವುದು ಅಮೆರಿಕದ ಗಾಜಿನ ಕಲಾವಿದ ಲೂಯಿ ಕಂಫರ್ಟ್ ಟಿಫಾನಿ (1848–1933) ಅವರ ಹೆಸರು. ಅವರ ನ್ಯೂಯಾರ್ಕ್ ಸ್ಟುಡಿಯೋದಲ್ಲಿ ಬಣ್ಣದ ಗಾಜಿನ ಚೂರುಗಳ ಅಂಚಿಗೆ ತಾಮ್ರದ ತೆಳು ಪಟ್ಟಿ ಸುತ್ತಿ, ಬೆಸುಗೆ ಹಾಕಿ ಶೇಡ್ ಮಾಡುತ್ತಿದ್ದರು. ನನ್ನದರಲ್ಲಿ ಚೂರೂ ಇಲ್ಲ, ಬೆಸುಗೆಯೂ ಇಲ್ಲ. ಹೊರಗೆ ಬೆರಳಾಡಿಸಿದರೆ ಕಪ್ಪು ಗೆರೆಗಳು ಉಬ್ಬಿವೆ, ಒಳಗೆ ಪೂರ್ತಿ ನುಣುಪು. ಒಂದೇ ಗಾಜಿನ ಮೇಲೆ ಬಳಿದ ಬಣ್ಣ ಅಷ್ಟೇ. ಕೇಳಿದರೆ, ‘ಸ್ಟೈಲ್ ಅಂತಲೇ ಬರೆದಿದ್ದೆವಲ್ಲ’ ಎಂಬ ಉತ್ತರ ಬಂತು. ದುಡ್ಡು ವಾಪಸ್ ಕೊಡಲಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ವೈರ್ ನೋಡಿ. ‘ಕರೆಂಟಿಗೆ ಹೊಂದಿಸಲಾಗಿದೆ’ ಅಂದರೆ ಬುರುಡೆಯ ತಳಕ್ಕೆ ತೂತು ಕೊರೆದು ವೈರ್ ಎಳೆದಿದ್ದಾರೆ. ಅದರಲ್ಲಿ ಇನ್ನೆಂದೂ ಎಣ್ಣೆ ತುಂಬುವ ಹಾಗಿಲ್ಲ. ವೈರ್ ಹೊರಬರುವ ಜಾಗದಲ್ಲಿ ಲೋಹದ ಅಂಚು ಚೂಪಾಗಿತ್ತು, ರಬ್ಬರ್ ಬಳೆ ಇರಲಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ ಆಗಲೇ ಅರ್ಧ ಕೊಯ್ದಿತ್ತು. ಅರ್ಥಿಂಗ್ ಕೂಡ ಇಲ್ಲ. ಒಳಗಿನ ತಂತಿ ಲೋಹಕ್ಕೆ ತಾಗಿದರೆ ದೀಪ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ. ಮಕ್ಕಳಿರುವ ಮನೆಗೆ ಇಂಥದ್ದನ್ನು ಕಳಿಸಲು ಮನಸ್ಸಾದರೂ ಹೇಗೆ ಬರುತ್ತದೆ?

ವಿವರಣೆ ಓದುವಾಗ ಒಂದೊಂದು ಪದಕ್ಕೂ ನಿಂತು ನೋಡಿ. ಆಂಟಿಕ್ ಅಂದರೆ ವ್ಯಾಪಾರದಲ್ಲಿ ಸಾಮಾನ್ಯವಾಗಿ 100 ವರ್ಷ ದಾಟಿದ್ದು. ‘ಆಂಟಿಕ್ ಫಿನಿಶ್’ ಅನ್ನುವುದು ಬರೀ ಬಣ್ಣ, ನಿನ್ನೆ ಮಾಡಿದ ವಸ್ತುವಿಗೂ ಹಾಕಬಹುದು. ‘ವಿಂಟೇಜ್ ಲುಕ್’ ಕೂಡ ಅಷ್ಟೇ.

ಕಾಲು, ಬುರುಡೆ, ಬರ್ನರ್ (ಬತ್ತಿ ಕೂರುವ ಭಾಗ), ಶೇಡ್ ನಾಲ್ಕೂ ಒಂದೇ ದೀಪದವೇ, ಒಂದೇ ಕಾಲದವೇ ಎಂದು ಬರಹದಲ್ಲಿ ಕೇಳಿ, ಬಿಲ್ಲಿನಲ್ಲೂ ಹಾಗೇ ಬರೆಸಿ. ಗಾಜನ್ನು ತೊಳೆದು ಒಣಗಿಸಿದ ಮೇಲಿನ ವಿಡಿಯೋ ತರಿಸಿಕೊಳ್ಳಿ, ತೂತು ಕೊರೆದಿದ್ದರೆ ಅದರ ಫೋಟೊ ಕೇಳಿ. ಸುಮ್ನೆ ಮಾತು ತೇಲಿಸಿದರೆ ಅಲ್ಲಿಗೇ ಬಿಡಿ. ಈಗಾಗಲೇ ಇಂಥ ದೀಪ ಮನೆಯಲ್ಲಿದ್ದರೆ, ಎಲೆಕ್ಟ್ರಿಷಿಯನ್ ಬಂದು ವೈರ್ ನೋಡುವ ತನಕ ಪ್ಲಗ್ ಹಾಕಬೇಡಿ.