ಹಾಸನದಲ್ಲಿ ಮನೆಗೇ ಬಂದು ರಕ್ತ ತೆಗೆಯೋ ಲ್ಯಾಬ್: ಎಂಟು ಗಂಟೆ ಅಂದ್ರೆ ಎಂಟು ಗಂಟೆ

ಐದಕ್ಕೆ ಮೂರು ಸ್ಟಾರ್. ಮೊದಲ ಸಲ ಬಂದಿದ್ದಕ್ಕೆ ಒಂದೂ ಕೊಡ್ತಿರಲಿಲ್ಲ.

ನಮ್ಮ ಮನೆ ವಿದ್ಯಾನಗರದಲ್ಲಿ. ಅತ್ತೆಗೆ 71. ಮಂಡಿ ನೋವಿಗೆ ಅಂತ ಸಂತೆಯಲ್ಲಿ ತಂದ ಕಂದು ಪುಡಿಯನ್ನ ಒಂದೂವರೆ ವರ್ಷ ಜೇನುತುಪ್ಪದಲ್ಲಿ ಕಲಸಿ ನೆಕ್ಕಿದ್ರು. ನೋವು ಮಾಯ. ಮುಖ ದುಂಡಗಾಯ್ತು. ನೆಂಟರೆಲ್ಲ ‘ಸೊಸೆ ಚೆನ್ನಾಗಿ ನೋಡ್ಕೋತಾಳೆ’ ಅಂದ್ರು, ನಾನೂ ಬೀಗಿದೆ. ಪುಡಿ ಮಾರೋನು ಬರೋದು ನಿಲ್ಲಿಸಿ ಹದಿನೈದು ದಿನ ಆಗಿಲ್ಲ, ವಾಂತಿ, ಸುಸ್ತು. ಒಂದು ಬೆಳಿಗ್ಗೆ ಬಚ್ಚಲಿಂದ ಬಂದೋರು ಹೊಸ್ತಿಲ ಮೇಲೇ ಕುಸಿದ್ರು. ಬಿಪಿ 90/60. ಪುಡಿ ಕಥೆ ಕೇಳಿದ ಡಾಕ್ಟರು, ‘ಇಂಥದ್ರಲ್ಲಿ ಸ್ಟಿರಾಯ್ಡ್ ಬೆರೆಸಿರ್ತಾರೆ ಕಣಮ್ಮ’ ಅಂದ್ರು.

ಚೀಟಿ ಹಿಂದೆ ಅವರು ಬರೆದುಕೊಟ್ಟ ಚಿತ್ರ ನಮ್ಮ ಫ್ರಿಜ್ ಮೇಲೆ ಅಂಟಿಸಿದೆ. ಎರಡು ಕಿಡ್ನಿ, ಎರಡರ ತಲೆ ಮೇಲೂ ಒಂದೊಂದು ಟೋಪಿ. ಅದೇ ಅಡ್ರಿನಲ್ ಗ್ರಂಥಿ, ಒಂದೊಂದೂ ನಾಲ್ಕೈದು ಗ್ರಾಂ ಅಷ್ಟೇ. ಮಾವಿನಹಣ್ಣಿನ ಥರ, ಹೊರಗಿನದ್ದೇ ದಪ್ಪ, ಒಳಗೆ ವಾಟೆ. ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಗುಟ್ಟಿಸೋ ಅಡ್ರಿನಲಿನ್ ಬರೋದು ವಾಟೆಯಿಂದ. ಮೈಯಲ್ಲಿ ಉಪ್ಪು ಹಿಡಿದಿಡೋ ಆಲ್ಡೊಸ್ಟಿರಾನ್, ಸಕ್ಕರೆ ಬಿಪಿ ಎರಡೂ ಕೆಳಗೆ ಬೀಳದ ಹಾಗೆ ನೋಡ್ಕೊಳ್ಳೋ ಕಾರ್ಟಿಸಾಲ್ ಹೊರಭಾಗದ್ದು. ಕಾರ್ಟಿಸಾಲ್ ಮಾಡು ಅಂತ ಮಿದುಳಿನ ಬುಡದ ಪಿಟ್ಯುಟರಿ ಹೇಳ್ಬೇಕು, ಎಸಿಟಿಎಚ್ ಅನ್ನೋ ಹಾರ್ಮೋನ್ ಕಳಿಸಿ. ಪುಡಿಯಲ್ಲಿ ಕಾರ್ಟಿಸಾಲ್ ಥರಾನೇ ಕೆಲಸ ಮಾಡೋ ಸ್ಟಿರಾಯ್ಡ್ ದಿನಾ ಬರ್ತಿದ್ರೆ ಪಿಟ್ಯುಟರಿ ಬೇಕಾದಷ್ಟಿದೆ ಅಂತ ಸುಮ್ಮನಾಗುತ್ತೆ, ಕೇಳೋರಿಲ್ಲದ ಗ್ರಂಥಿ ಸೊರಗುತ್ತೆ. ಪುಡಿ ನಿಂತ ದಿನ ಎರಡೂ ಕಡೆ ಖಾಲಿ. ಉಪ್ಪಿನ ಲೆಕ್ಕ ಮಾತ್ರ ಬಚಾವು, ಅದರ ಹುಕುಂ ಮುಖ್ಯವಾಗಿ ಕಿಡ್ನಿ ಕಡೆಯಿಂದಂತೆ.

ಈಗ ಕಾರ್ಟಿಸಾಲ್ ಬದಲಿಗೆ ಹೈಡ್ರೊಕಾರ್ಟಿಸೋನ್ ಮಾತ್ರೆ, ಎದ್ದ ಕೂಡಲೇ 10 ಮಿಲಿಗ್ರಾಂ, ಮಧ್ಯಾಹ್ನ 5. ಗ್ರಂಥಿ ಎಚ್ಚರ ಆಯ್ತಾ ನೋಡೋಕೆ ಬೆಳಿಗ್ಗೆ ಎಂಟರ ಕಾರ್ಟಿಸಾಲ್ ಟೆಸ್ಟ್. ಅದು ಬೆಳಿಗ್ಗೆ ಏರಿರುತ್ತೆ, ನಡುರಾತ್ರಿ ಹೊತ್ತಿಗೆ ಇಳಿದಿರುತ್ತೆ, ಅದಕ್ಕೇ ಹೊತ್ತು ಮುಖ್ಯ. ಮಾತ್ರೆ ರಕ್ತದಲ್ಲಿದ್ರೆ ಲೆಕ್ಕ ತಪ್ಪುತ್ತೆ, ಹಾಗಾಗಿ ಹಿಂದಿನ ಮಧ್ಯಾಹ್ನದ್ದು ಬಿಡಿ, ರಕ್ತ ತೆಗೆದ ಮೇಲೇ ಬೆಳಗಿನದ್ದು ಕೊಡಿ ಅಂದಿದ್ರು ಡಾಕ್ಟರು.

ಬುಕ್ ಮಾಡುವಾಗ ಲ್ಯಾಬಿನ ಹುಡುಗಿ ಕೇಳಿದ್ದು ಒಂದೇ, ‘ಖಾಲಿ ಹೊಟ್ಟೆನಾ ಮೇಡಂ?’ ಮಾತ್ರೆ ಸುದ್ದಿ ಇಲ್ಲ. ಹುಡುಗ ಬಂದಿದ್ದು 10.40ಕ್ಕೆ. ‘ಸಾಲಗಾಮೆ ರೋಡಲ್ಲಿ ಇನ್ನೂ ಎರಡು ಮನೆ ಇತ್ತು ಅಕ್ಕ.’ ಅಷ್ಟು ಹೊತ್ತು ಅತ್ತೆ ಮಾತ್ರೆ ಇಲ್ಲದೆ ದಿವಾನದ ಮೇಲೆ ಗೋಡೆಗೆ ತಿರುಗಿ ಮಲಗಿದ್ರು, ಹಣೆ ಪೂರ್ತಿ ತಣ್ಣನೆ ಬೆವರು. ಅವರ ನರ ಸಿಗೋದೇ ಕಷ್ಟ, ಅವನು ಒಂದೇ ಚುಚ್ಚಿಗೆ ಹಿಡಿದ, ಅದು ಒಪ್ಪಬೇಕಾದ್ದೇ. ರಿಪೋರ್ಟು ಸಂಜೆಯೇ ವಾಟ್ಸಾಪಲ್ಲಿ ಬಂತು: 4.6. ಸಮಯದ ಜಾಗದಲ್ಲಿ ‘ಬೆಳಿಗ್ಗೆ 8.00’! ಡಾಕ್ಟರಿಗೆ ನಿಜ ಹೇಳಿದೆ, ಅವರು ಆ ಕಾಗದ ಪಕ್ಕಕ್ಕಿಟ್ಟರು.

ಫೋನ್ ಮಾಡಿ ಜೋರಾಗೇ ಮಾತಾಡಿದೆ. ಮುಂದಿನ ವಾರ ಅದೇ ಹುಡುಗ 7.50ಕ್ಕೆ ಗೇಟ್ ಹತ್ರ. ‘ಅಜ್ಜಿಗೆ ಮಾತ್ರೆ ಕೊಟ್ಟಿಲ್ಲ ತಾನೇ?’ ಅಂತ ಅವನೇ ಕೇಳಿದ. ಟ್ಯೂಬಿನ ಮೇಲೆ ಪೆನ್ನಲ್ಲಿ 8.05 ಬರೆದು ನನಗೆ ತೋರಿಸಿದ. ಬಂದಿದ್ದು 7.2. ಹತ್ತು ದಾಟಿದ್ರೆ ಮಾತ್ರೆ ಬಿಡಿಸಬಹುದಿತ್ತು, ಐದರ ಕೆಳಗಿದ್ರೆ ಗ್ರಂಥಿ ಇನ್ನೂ ನಿದ್ದೆಯಲ್ಲೇ. ಇದು ನಡುವಿನದ್ದು, ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದ್ರು. ಅಲ್ಲಿ ತನಕ ಮಾತ್ರೆ ತಪ್ಪಿಸೋ ಹಾಗಿಲ್ಲ, ಜ್ವರ ಬಂದ್ರೆ ಡಬಲ್.

ಟೆಸ್ಟಿಗೆ 750, ಮನೆಗೆ ಬಂದಿದ್ದಕ್ಕೆ 100. ತಪ್ಪು ಅವರದ್ದೇ ಆದ್ರೂ ಎರಡನೇ ಸಲವೂ ಪೂರ್ತಿ 850 ತಗೊಂಡ್ರು. ಆ 100 ಆದ್ರೂ ಬಿಡಿ ಅಂದೆ, ‘ಸಿಸ್ಟಮಲ್ಲಿ ಬರಲ್ಲ ಮೇಡಂ.’ ಎರಡು ಸ್ಟಾರ್ ಹೋಗಿದ್ದು ಅಲ್ಲೇ. ಎರಡು ತಿಂಗಳ ನಂತರದ್ದಕ್ಕೆ ಆ ಹುಡುಗನನ್ನೇ ಕಳಿಸಿ ಅಂತ ಈಗಲೇ ಬರೆಸಿಟ್ಟಿದ್ದೀನಿ.